ಗರ್ಭಕೋಶದ ಒಳಪದರ ಮತ್ತು ಒಂದೂವರೆ ಲಕ್ಷದ ಇಂಜೆಕ್ಷನ್

ಈ ಬರಹದಲ್ಲಿ ‘ನಾವು’ ಅಂದರೆ ಗಂಡ ಹೆಂಡತಿ ಇಬ್ಬರೂ. ಒಬ್ಬರು ಜಿಲ್ಲೆಯ ಸುದ್ದಿ ಬರೆದು ಪತ್ರಿಕೆಗೆ ಕಳಿಸುವವರು, ಇನ್ನೊಬ್ಬರು ಮನೆಯಲ್ಲಿ ಹೊಲಿಗೆ ಮಿಷನ್ ತುಳಿಯುವವರು. ನೋವು ತಿಂದ ಮೈ ಹೆಂಡತಿಯದು. ಅದಕ್ಕೇ ಅವಳು ಓದಿ ಸರಿ ಅಂದದ್ದನ್ನು ಮಾತ್ರ ಇಲ್ಲಿ ಹಾಕಿದ್ದೇವೆ. ಎರಡು ಪ್ಯಾರಾ ಅವಳೇ ತೆಗೆಸಿದಳು. ಮುಟ್ಟು, ಗರ್ಭಕೋಶ ಅಂದ ಕೂಡಲೇ ಫೋನ್ ಮಗುಚಿಡುವ ಗಂಡಸರು ಇದೊಂದು ಸಲ ಪೂರ್ತಿ ಓದಿ. ಆಸ್ಪತ್ರೆಯಲ್ಲಿ ಸಹಿ ಹಾಕುವಾಗ, ದುಡ್ಡು ಕಟ್ಟುವಾಗ ಮುಂದೆ ನಿಲ್ಲುವವರು ನೀವೇ ತಾನೆ.

ಫೋನಿನಲ್ಲಿ ಒಂದೇ ಒಂದು ಸಲ ‘ಮಕ್ಕಳಾಗಲು ಚಿಕಿತ್ಸೆ’ ಎಂದು ಹುಡುಕಿ ನೋಡಿ. ಆಮೇಲೆ ಆರು ತಿಂಗಳು ಬಿಡದೆ ಅದೇ ಜಾಹೀರಾತು. ಈಚೆಗೆ ಅದರಲ್ಲಿ ಹೊಸ ಮಾತು ಸೇರಿದೆ: ಸ್ಟೆಮ್ ಸೆಲ್, ಗ್ರೋತ್ ಫ್ಯಾಕ್ಟರ್, ‘ತೆಳುವಾದ ಗರ್ಭಕೋಶದ ಪದರಕ್ಕೆ ಮರುಜೀವ’. ಇವು ಪೂರಾ ಸುಳ್ಳಲ್ಲ. ಪೂರಾ ನಿಜವೂ ಅಲ್ಲ. ಇವೆರಡರ ನಡುವಿನ ಜಾಗ ಎಷ್ಟು ಅಗಲ ಅನ್ನುವುದನ್ನು ತಿಳಿಯಲು ನಮಗೆ ಸುಮಾರು ರಾತ್ರಿಗಳು ಬೇಕಾದವು.

ನಮ್ಮ ಕತೆ ಚಿಕ್ಕದಾಗಿ ಹೇಳುತ್ತೇವೆ. ಮದುವೆಯಾದ ಎರಡನೇ ವರ್ಷ, ಮೂರನೇ ತಿಂಗಳಿನಲ್ಲಿ ಗರ್ಭ ಇಳಿದುಹೋಯಿತು. ಪಕ್ಕದ ಪಟ್ಟಣದ ನರ್ಸಿಂಗ್ ಹೋಮಿನಲ್ಲಿ ‘ಒಳಗೆ ಚೂರು ಉಳಿದಿದೆ, ಕ್ಲೀನ್ ಮಾಡಬೇಕು’ ಅಂದರು. ಮಾಡಿದರು. ಎರಡು ವಾರವಾದರೂ ರಕ್ತ ನಿಲ್ಲಲಿಲ್ಲ ಎಂದು ಮತ್ತೆ ಹೋದಾಗ ಇನ್ನೊಮ್ಮೆ ಮಾಡಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ‘ಡಿ ಅಂಡ್ ಸಿ’ ಎಂಬ ಮೂರು ಅಕ್ಷರ, ಒಂದು ಸಹಿ. ಯಾವ ಉಪಕರಣದಲ್ಲಿ ಮಾಡಿದರು, ಬೇರೆ ದಾರಿ ಇತ್ತೇ, ಯಾರೂ ಹೇಳಲಿಲ್ಲ. ಅದಾದ ಮೇಲೆ ಮುಟ್ಟು ಬರೀ ಕಲೆಯಷ್ಟಾಯಿತು. ಆಮೇಲೆ ಅದೂ ನಿಂತಿತು. ತಿಂಗಳಿಗೊಮ್ಮೆ ಹೊಟ್ಟೆ ಮಾತ್ರ ಹಿಂಡುತ್ತಿತ್ತು. ‘ಒಳ್ಳೆ ಸುದ್ದಿ ಇರ್ಬೇಕು ಕಣವ್ವ’ ಎಂದು ಅತ್ತೆ ಎರಡು ಸಲ ಹೇಳಿದರು. ಎರಡು ಸಲವೂ ಮನೆಯಲ್ಲಿ ಪರೀಕ್ಷೆ ಮಾಡಿ, ಒಂದೇ ಗೆರೆ ನೋಡಿ, ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಎಸೆದೆವು.

ದೊಡ್ಡ ಊರಿನ ಕ್ಲಿನಿಕ್ಕೊಂದರಲ್ಲಿ ಸ್ಕ್ಯಾನ್ ಆಯಿತು. ಒಳಪದರ 4 ಮಿಲಿಮೀಟರ್. ಗರ್ಭ ಕೂರಬೇಕಾದರೆ ಸಾಮಾನ್ಯವಾಗಿ 7 ಮಿಲಿಮೀಟರಾದರೂ ಇರಲಿ ಎಂದು ವೈದ್ಯರು ಬಯಸುತ್ತಾರೆ. ಹಾರ್ಮೋನ್ ಮಾತ್ರೆ ಎರಡು ತಿಂಗಳು ನುಂಗಿದ್ದಾಯಿತು, ಪದರ ಜಗ್ಗಲಿಲ್ಲ. ಆಗ ಕೌನ್ಸೆಲರ್ ಅನ್ನುವವರು ಕೂರಿಸಿಕೊಂಡು ಬಣ್ಣದ ಕಾಗದ ತೋರಿಸಿದರು. ಮೊದಲು ಪಿಆರ್‌ಪಿ, ಆಮೇಲೆ ‘ಸ್ಟೆಮ್ ಸೆಲ್ ಪ್ಯಾಕೇಜ್’. ಒಟ್ಟು ಒಂದೂವರೆ ಲಕ್ಷ. ‘ನಿಮ್ಮದೇ ರಕ್ತ ಸಾರ್, ನಿಮ್ಮದೇ ಕೋಶ. ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ. ಈ ವಾರ ಅಡ್ವಾನ್ಸ್ ಕಟ್ಟಿದ್ರೆ ರಿಯಾಯಿತಿ ಇದೆ.’

ಅತ್ತೆ ಎರಡು ಸೀಮೆಹಸು ಮಾರುವುದಕ್ಕೆ ತಯಾರಾದರು. ‘ಹಸ ಇನ್ನೊಂದು ತರ್‌ಬೋದು, ವಯಸ್ಸು ತರಾಕಾಯ್ತದಾ?’ ಅಂದರು. ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರ ಟೈಮ್ ಕೇಳಿ ಬಂದೆವು.

ಆ ವಾರ, ಆಮೇಲಿನ ಕೆಲವು ವಾರ ಓದಿ, ಪರಿಚಯದ ವೈದ್ಯರನ್ನು ಕೇಳಿ ತಿಳಿದದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇವೆ.

ಗರ್ಭಕೋಶದ ಒಳಗೋಡೆಯ ಪದರ ಎರಡು ಅಂತಸ್ತಿನದು. ಮೇಲಿನದು ಪ್ರತಿ ತಿಂಗಳೂ ದಪ್ಪವಾಗಿ, ಗರ್ಭ ನಿಲ್ಲದಿದ್ದರೆ ಉದುರಿ ಮುಟ್ಟಾಗಿ ಹೋಗುತ್ತದೆ. ಕೆಳಗಿನದು ಗೋಡೆಗೇ ಅಂಟಿಕೊಂಡಿದ್ದು, ಉದುರುವುದಿಲ್ಲ. ಮೇಲಿನದು ಮತ್ತೆ ಹುಟ್ಟುವುದು ಈ ಕೆಳಗಿನದರಿಂದ. ಮಂಡ್ಯ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಕಬ್ಬು ಕಡಿದ ಮೇಲೆ ನೆಲದಲ್ಲಿ ಕೂಳೆ ಉಳಿಯುತ್ತದಲ್ಲ, ಅದು. ಕೂಳೆ ಇದ್ದರೆ ಮತ್ತೆ ಬಿತ್ತನೆ ಕಬ್ಬು ಬೇಡ, ನೀರು ಬಿಟ್ಟರೆ ಚಿಗುರುತ್ತದೆ. ಹೆಂಗಸಿನ ಆಯುಸ್ಸಿನಲ್ಲಿ ಹೀಗೆ ಸುಮಾರು 400 ಸಲ ಕಟಾವು, 400 ಸಲ ಚಿಗುರು.

ಇದರಲ್ಲಿ ನಮಗೆ ಬಹಳ ಸೋಜಿಗ ಅನ್ನಿಸಿದ್ದು ಒಂದು ಸಂಗತಿ. ಮೊಣಕಾಲು ತರಚಿದರೆ ಗುರುತು ಉಳಿಯುತ್ತದೆ. ಕುಡುಗೋಲು ತಾಗಿದರೆ ಸಾಯುವವರೆಗೂ ಗೆರೆ. ಆದರೆ ಗರ್ಭಕೋಶದೊಳಗೆ ತಿಂಗಳು ತಿಂಗಳೂ ಅಷ್ಟು ದೊಡ್ಡ ಗಾಯವಾಗುತ್ತದೆ, ರಕ್ತ ಹೋಗಲು ಶುರುವಾದ ಎರಡು ದಿನದೊಳಗೇ ರಿಪೇರಿ ಶುರುವಾಗಿ ಐದಾರನೇ ದಿನಕ್ಕೆ ಮೇಲ್ಮೈ ಮುಚ್ಚಿರುತ್ತದೆ, ಕಲೆಯೇ ಇಲ್ಲ! ದೊಡ್ಡವರ ಮೈಯಲ್ಲಿ ಇಷ್ಟು ನಯವಾಗಿ, ಇಷ್ಟು ಸಲ ತನ್ನನ್ನು ತಾನು ಕಟ್ಟಿಕೊಳ್ಳುವ ಜಾಗ ಇನ್ನೊಂದನ್ನು ತೋರಿಸುವುದು ಕಷ್ಟ. ‘ಮೈಲಿಗೆ’ ಎಂದು ಮೂರು ದಿನ ಹೊರಗೆ ಕೂರಿಸುವಾಗ ಒಳಗೆ ಈ ಕೆಲಸ ನಡೆದಿರುತ್ತದೆ.

ಆ ಕೆಲಸ ಮಾಡುವವರು ಯಾರು? 2004ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಕ್ಯಾರೊಲಿನ್ ಗಾರ್ಗೆಟ್ ಎಂಬ ವಿಜ್ಞಾನಿಯ ತಂಡ, ಆಪರೇಷನ್ನಿನಲ್ಲಿ ತೆಗೆದ ಗರ್ಭಕೋಶಗಳಿಂದ ಒಳಪದರದ ಕೋಶಗಳನ್ನು ಬಿಡಿಸಿ ಒಂದೊಂದನ್ನೇ ಬೆಳೆಸಿ ನೋಡಿತು. ಮೇಲ್ಪದರದ ಬಗೆಯ ಕೋಶಗಳಲ್ಲಿ ಶೇ 0.22, ಅಡಿಯ ಹಂದರದ ಬಗೆಯವುಗಳಲ್ಲಿ ಶೇ 1.25 ಮಾತ್ರ ಒಂದರಿಂದ ಗುಂಪಾಗಿ ಬೆಳೆದವು. ಅಂದರೆ ಸಾವಿರಕ್ಕೆ ಎರಡು, ನೂರಕ್ಕೆ ಒಂದು ಚಿಲ್ಲರೆ. ಸ್ಟೆಮ್ ಸೆಲ್ ಗುಣದ ಬೀಜದ ಕೋಶಗಳು ಅಷ್ಟೇ ಕಡಿಮೆ. ಉಳಿದವೆಲ್ಲ ಬಂದು ಹೋಗುವ ಜನ.

ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹ್ಯೂ ಟೇಲರ್ ಇನ್ನೊಂದು ವಿಷಯ ಪ್ರಕಟಿಸಿದರು. ರಕ್ತದ ಕಾಯಿಲೆಗೆ ಬೇರೆಯವರ ಮೂಳೆಮಜ್ಜೆ ಹಾಕಿಸಿಕೊಂಡಿದ್ದ ನಾಲ್ವರು ಹೆಂಗಸರ ಗರ್ಭಕೋಶದ ಒಳಪದರ ಪರೀಕ್ಷಿಸಿದರೆ, ಅಲ್ಲಿ ದಾನಿಯ ಕೋಶಗಳು ಸಿಕ್ಕವು. ಒಬ್ಬರಲ್ಲಿ ಹುಡುಕಿ ಹಿಡಿಯುವಷ್ಟು ಕಡಿಮೆ, ಮತ್ತೊಬ್ಬರಲ್ಲಿ ಹತ್ತಿರ ಹತ್ತಿರ ಅರ್ಧ. ಮೂಳೆಯೊಳಗಿನ ಕೋಶ ರಕ್ತದಲ್ಲಿ ತೇಲಿ ಗರ್ಭಕೋಶಕ್ಕೆ ಬಂದು ಸೇರಿದೆ. ಹಾಗೆ ಬಂದವು ತಾವೇ ಪದರವಾಗುತ್ತವೋ, ಇಲ್ಲಾ ಬಂದು ರಸ ಸುರಿಸಿ ಅಲ್ಲಿಯ ಕೋಶಗಳನ್ನೇ ಎಬ್ಬಿಸಿ ಹೋಗುತ್ತವೋ ಅನ್ನುವುದರಲ್ಲಿ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ.

ಮೂಳೆಯಲ್ಲಿ ಕೂತವಕ್ಕೆ ಇಲ್ಲಿ ಗಾಯವಾಗಿದೆ ಎಂದು ಗೊತ್ತಾಗುವುದು ಹೇಗೆ? ಇಲ್ಲಿಗೆ ಬಂತು ಆ ಸುದ್ದಿ ಮುಟ್ಟಿಸುವ ಅಣುಗಳ ವಿಚಾರ. ಸುದ್ದಿ ಮುಟ್ಟಿಸುವುದೇ ನಮ್ಮ ಮನೆಯ ಒಬ್ಬರ ಕಸುಬಾದ್ದರಿಂದ ಈ ಭಾಗ ಓದುವಾಗ ಸ್ವಲ್ಪ ಖುಷಿಯೇ ಆಯಿತು. ರಕ್ತ ಹೆಪ್ಪುಗಟ್ಟಿದ ಕಡೆ ಪ್ಲೇಟ್‌ಲೆಟ್‌ಗಳು ಒಡೆದು ಹತ್ತಾರು ಬಗೆಯ ಪ್ರೋಟೀನುಗಳನ್ನು ಸುರಿಯುತ್ತವೆ. ಅದರಲ್ಲಿ ಪಿಡಿಜಿಎಫ್ ಅನ್ನುವುದು ಹಂದರದ ಕೋಶಗಳನ್ನು ಕರೆದು ಹೆಚ್ಚಿಸುತ್ತದೆ. ವಿಇಜಿಎಫ್ ಹೊಸ ರಕ್ತನಾಳ ಹೊಡೆಯುವಂತೆ ಮಾಡುತ್ತದೆ. ಗಾಯವಾದ ಜಾಗದಿಂದಲೇ ಹೊರಡುವ ಸಿಎಕ್ಸ್‌ಸಿಎಲ್12 ಎಂಬ ಇನ್ನೊಂದು ಅಣು ಇದೆ. ಅದನ್ನು ಹಿಡಿಯುವ ಕೊಂಡಿ ಮೂಳೆಮಜ್ಜೆಯ ಕೆಲವು ಕೋಶಗಳ ಮೈಮೇಲೆ ಇರುತ್ತದೆ. ಹೆಚ್ಚು ಸಾಂದ್ರವಾಗಿರುವ ಕಡೆಗೆ ಅವು ಸಾಗಿ ಬರುತ್ತವೆ, ಬೆಲ್ಲದ ಜಾಡು ಹಿಡಿದ ಇರುವೆಯ ಹಾಗೆ. ಇದಾದ ಮೇಲೆ ಅಂಡಾಶಯದ ಈಸ್ಟ್ರೋಜನ್ ಏರಿ ಪದರವನ್ನು ದಪ್ಪ ಮಾಡುತ್ತದೆ.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಒಂದು ಯೋಚನೆ ಬರುತ್ತದೆ. ಆ ಅಣುವನ್ನೇ ಹೊರಗಿನಿಂದ ಕೊಟ್ಟರೆ? 2017ರಲ್ಲಿ ಯೇಲ್ ತಂಡ ಇಲಿಗಳ ಗರ್ಭಕೋಶಕ್ಕೆ ಗಾಯ ಮಾಡಿ ಸಿಎಕ್ಸ್‌ಸಿಎಲ್12 ಕೊಟ್ಟು ನೋಡಿತು. ನಾರುಗಟ್ಟುವುದು ಕಡಿಮೆಯಾಯಿತು, ಇಲಿಗಳು ಮರಿ ಹಾಕಿದವು. ಒಳ್ಳೆಯ ಸುದ್ದಿಯೇ. ಆದರೆ ನಾವು ಸಾಮಾನ್ಯವಾಗಿ ನೋಡುವ ಇಲಿಗೆ ಮುಟ್ಟೇ ಆಗುವುದಿಲ್ಲ! (ಮುಳ್ಳಿಲಿಯ ಒಂದು ಜಾತಿಗೆ ಆಗುತ್ತದೆ ಎಂದು ಅದೇ 2017ರಲ್ಲಿ ಆಸ್ಟ್ರೇಲಿಯಾದವರು ಕಂಡುಹಿಡಿದರು, ಅದು ಬೇರೆ ಮಾತು.) ಇಲಿಯ ಗೆಲುವು ಹೆಂಗಸಿನ ಗೆಲುವಾಗಲು ಇನ್ನೂ ದಾರಿ ಇದೆ.

ನಮಗೆ ಹೇಳಿದ ಪಿಆರ್‌ಪಿ ಇದರ ಸರಳ ರೂಪ. ಕೈಯಿಂದ ರಕ್ತ ತೆಗೆದು, ಮಿಷನ್ನಿನಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಹಳದಿ ನೀರನ್ನು ಸಣ್ಣ ನಳಿಗೆಯಲ್ಲಿ ಗರ್ಭಕೋಶದೊಳಗೆ ಬಿಡುತ್ತಾರೆ. ಸುದ್ದಿಯ ಅಣುಗಳೆಲ್ಲ ಒಟ್ಟಿಗೆ ಹೋಗಿ ಕೂಗಲಿ ಎಂದು. 2015ರಲ್ಲಿ ಚೀನಾದ ವೈದ್ಯರು ಇದನ್ನು ತೆಳು ಪದರದ ಐವರು ಹೆಂಗಸರಿಗೆ ಮಾಡಿ, ಐವರೂ ಬಸುರಿಯರಾದರು ಎಂದು ಬರೆದರು. ಐದಕ್ಕೆ ಐದು! ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಆದರೆ ಐದು ಜನ ಅಂದರೆ ನಮ್ಮ ಬೀದಿಯ ಒಂದು ಮನೆಯವರು. ಪಿಆರ್‌ಪಿ ಕೊಡದ ಇನ್ನೈದು ಜನರನ್ನು ಪಕ್ಕದಲ್ಲಿಟ್ಟು ಹೋಲಿಸಿಯೂ ಇರಲಿಲ್ಲ. ಆಮೇಲೆ ದೊಡ್ಡ ಅಧ್ಯಯನಗಳು ಬಂದವು. ಕೆಲವು ಹೌದು ಅಂದವು, ಕೆಲವು ಇಲ್ಲ ಅಂದವು. ಇಂಥವನ್ನೆಲ್ಲ ಒಟ್ಟು ಸೇರಿಸಿ ಜರಡಿ ಹಿಡಿಯುವ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ತಂಡ 2024ರಲ್ಲಿ, ಮಗು ಹುಟ್ಟುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ ಎನ್ನಲು ಭರವಸೆಯ ಪುರಾವೆ ಸಾಲದು ಎಂದಿತು.

ಸ್ಟೆಮ್ ಸೆಲ್ ವಿಷಯವೂ ಇಂಥದ್ದೇ. ನಮ್ಮ ದೇಶದಲ್ಲೇ, ಗುಜರಾತಿನ ವೈದ್ಯರು 2011ರಲ್ಲಿ ಒಬ್ಬ ಹೆಂಗಸಿಗೆ ಅವರದೇ ಮೂಳೆಮಜ್ಜೆಯ ಕೋಶ ಗರ್ಭಕೋಶಕ್ಕೆ ಬಿಟ್ಟು, ಪದರ ಬೆಳೆದು, ಐವಿಎಫ್‌ನಲ್ಲಿ ಗರ್ಭ ನಿಂತಿತು ಎಂದು ವರದಿ ಮಾಡಿದ್ದಾರೆ. ಒಬ್ಬರು. 2016ರಲ್ಲಿ ಸ್ಪೇನ್ ದೇಶದವರು 18 ಜನರನ್ನು ತೆಗೆದುಕೊಂಡು, ಮೂಳೆಮಜ್ಜೆಯ ಒಂದು ಬಗೆಯ ಕೋಶಗಳನ್ನು ಆರಿಸಿ, ಗರ್ಭಕೋಶಕ್ಕೆ ರಕ್ತ ಒಯ್ಯುವ ನಾಳದೊಳಗೇ ಬಿಟ್ಟರು. 16 ಜನರ ಲೆಕ್ಕ ಸಿಕ್ಕಿತು. ನಿಂತ ಮುಟ್ಟು ಮರಳಿತು, ಕೆಲವರಿಗೆ ಗರ್ಭವೂ ನಿಂತಿತು. ಆದರೆ ಆರು ತಿಂಗಳಾದ ಮೇಲೆ ಮುಟ್ಟು ಮತ್ತೆ ಕಡಿಮೆಯಾಗುತ್ತಾ ಬಂತು. ಅಲ್ಲೂ ಹೋಲಿಸಲು ಇನ್ನೊಂದು ಗುಂಪಿರಲಿಲ್ಲ. ಈ ವೈದ್ಯರು ಯಾರೂ ಇದನ್ನು ಪ್ಯಾಕೇಜ್ ಅನ್ನಲಿಲ್ಲ, ‘ನೋಡಿದ್ದೇವೆ, ಇನ್ನೂ ನೋಡಬೇಕು’ ಎಂದರು. ಪ್ಯಾಕೇಜ್ ಎಂದವರು ಆಮೇಲಿನವರು.

ಓದುತ್ತಾ ನಮಗೆ ಕಂಡದ್ದು ಇದು: ಡಂಗುರ ಎಷ್ಟು ಜೋರಾಗಿ ಹೊಡೆದರೂ ಕೇಳುವುದಕ್ಕೆ ಊರಲ್ಲಿ ಜನ ಇರಬೇಕು. ಒಳಪದರದ ಅಡಿಯ ಅಂತಸ್ತಿನಲ್ಲಿ ಆ ಸಾವಿರಕ್ಕೆ ಎರಡು ಬೀಜದ ಕೋಶ ಉಳಿದಿದ್ದರೆ ಅಣುಗಳು ಕೂಗಿದ್ದಕ್ಕೆ ಓಗೊಡುತ್ತವೆ. ಕೂಳೆ ಸಮೇತ ಕೆರೆದು ಹೋಗಿದ್ದರೆ ಅಲ್ಲಿ ಉಳಿಯುವುದು ನಾರು. ಎದುರುಬದುರು ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 1894ರಲ್ಲೇ ಜರ್ಮನಿಯ ಫ್ರಿಟ್ಶ್ ಎಂಬ ವೈದ್ಯ ಇದನ್ನು ಬರೆದಿದ್ದ. 1948ರಲ್ಲಿ ಜೋಸೆಫ್ ಆಶರ್‌ಮನ್ ಎಂಬ ವೈದ್ಯ, ಹೀಗೆ ಕೆರೆಸಿಕೊಂಡ ಮೇಲೆ ಮುಟ್ಟು ನಿಂತ 29 ಹೆಂಗಸರ ವಿವರ ಪ್ರಕಟಿಸಿದ. ಅವನ ಹೆಸರೇ ಕಾಯಿಲೆಗೆ ಬಿತ್ತು. ಹಾಗಾಗಿ ನಮ್ಮ ಪ್ರಶ್ನೆ ಬದಲಾಯಿತು. ‘ಯಾವ ಇಂಜೆಕ್ಷನ್?’ ಅನ್ನುವುದಕ್ಕಿಂತ ಮೊದಲು ‘ಒಳಗೆ ಏನು ಉಳಿದಿದೆ, ಯಾರಾದರೂ ಕಣ್ಣಲ್ಲಿ ನೋಡಿದ್ದಾರಾ?’ ಎಂದು. ಯಾರೂ ನೋಡಿರಲಿಲ್ಲ!

ಕ್ಲಿನಿಕ್ಕಿಗೆ ಮತ್ತೆ ಹೋದೆವು. ಅಡ್ವಾನ್ಸ್ ಕಟ್ಟುವುದಕ್ಕಲ್ಲ. ‘ಇದು ಪ್ರಯೋಗವೋ ಚಿಕಿತ್ಸೆಯೋ? ಪ್ರಯೋಗವಾದರೆ ಸಿಟಿಆರ್‌ಐ ನಂಬರ್ ಕೊಡಿ’ ಎಂದು ಕೇಳಿದೆವು. ಇದನ್ನು ದಯವಿಟ್ಟು ನೆನಪಿಡಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಮ್ಮಲ್ಲಿ ಒಪ್ಪಿಗೆಯಾದ ಸ್ಟೆಮ್ ಸೆಲ್ ಚಿಕಿತ್ಸೆ ಅಂದರೆ ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ಮೂಳೆಮಜ್ಜೆ ಕಸಿ ಮಾದರಿಯದು. ಉಳಿದದ್ದೆಲ್ಲ ಒಪ್ಪಿಗೆ ಪಡೆದ, ನೋಂದಣಿಯಾದ ಪ್ರಯೋಗದೊಳಗೇ ನಡೆಯಬೇಕು. ಹಾಗೆ ಪ್ರಯೋಗಕ್ಕೆ ಒಳಗಾಗುವವರಿಂದ ಅದಕ್ಕೆ ದುಡ್ಡು ಕೀಳುವಂತಿಲ್ಲ. ನೋಂದಣಿಯ ಪಟ್ಟಿ ಫೋನಿನಲ್ಲೇ ಪುಕ್ಕಟೆ ನೋಡಬಹುದು. ಇಂಗ್ಲಿಷಿನಲ್ಲಿದೆ, ಊರಿನ ಕಾಲೇಜು ಹುಡುಗರ ಕೈಲಿ ಹುಡುಕಿಸಿ. ಕೌನ್ಸೆಲರ್ ಒಳಗೆ ಹೋಗಿ ಬಂದರು. ‘ಡಾಕ್ಟರ್ ಬ್ಯುಸಿ ಇದ್ದಾರೆ, ವಾಟ್ಸಾಪ್ ಮಾಡ್ತೀವಿ’ ಅಂದರು. ಆ ವಾಟ್ಸಾಪ್ ಇವತ್ತಿನವರೆಗೂ ಬಂದಿಲ್ಲ.

ಅಲ್ಲಿಂದ ನಾವು ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದೆವು. ಕ್ಯೂ ಉದ್ದ, ಬೆಂಚು ಮುರಿದದ್ದು, ಎಲ್ಲ ನಿಜ. ಆದರೆ ಅಲ್ಲಿಯ ಮೇಡಂ ಮೊದಲು ಕೇಳಿದ್ದು, ‘ಮನೇಲಿ ಯಾರಿಗಾದ್ರೂ ಟಿಬಿ ಆಗಿತ್ತೇನಮ್ಮಾ?’ ನಮಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವರೇ ಹೇಳಿದರು. ಟಿಬಿ ಶ್ವಾಸಕೋಶಕ್ಕೆ ಮಾತ್ರವಲ್ಲ, ಗರ್ಭನಾಳಕ್ಕೆ, ಗರ್ಭಕೋಶಕ್ಕೆ ಕೂಡ ಹೋಗುತ್ತದೆ, ಕೆಮ್ಮೇ ಇಲ್ಲದಿರಬಹುದು. ನಮ್ಮ ದೇಶದಲ್ಲಿ ಒಳಪದರ ಹೀಗೆ ಸುಟ್ಟುಹೋಗುವುದಕ್ಕೆ ಅದೂ ಒಂದು ದೊಡ್ಡ ಕಾರಣ. ಟಿಬಿ ಇದ್ದು, ಅದು ಗೊತ್ತಿಲ್ಲದೆ ಮೇಲಿಂದ ಏನು ಸುರಿದರೂ ವ್ಯರ್ಥ. ಔಷಧ ಸರ್ಕಾರದಿಂದ ಉಚಿತ, ಆರು ತಿಂಗಳು. ನಮ್ಮ ಪರೀಕ್ಷೆಯಲ್ಲಿ ಟಿಬಿ ಇರಲಿಲ್ಲ.

ಹಿಸ್ಟರೋಸ್ಕೋಪಿ ಮಾಡಿದರು. ಸಣ್ಣ ಕೊಳವೆಯ ತುದಿಗೆ ಕ್ಯಾಮೆರಾ ಹಾಕಿ ಗರ್ಭಕೋಶದ ಒಳಗೆ ನೋಡುವುದು. ಅಂಟಿಕೊಂಡಿದ್ದ ಕಡೆ ನಾರನ್ನು ಸಣ್ಣ ಕತ್ತರಿಯಲ್ಲಿ ಬಿಡಿಸಿದರು, ಮತ್ತೆ ಅಂಟದಿರಲಿ ಎಂದು ಕೆಲವು ದಿನ ಬಲೂನು ಇಟ್ಟರು, ಈಸ್ಟ್ರೋಜನ್ ಮಾತ್ರೆ ಬರೆದರು. ಮಾನಿಟರಿನಲ್ಲಿ ಕಂಡದ್ದನ್ನು ಮೇಡಂ ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಎಡಗಡೆ ಬಿಳಿಚಿಕೊಂಡಿದೆ, ಬಲಗಡೆ ಮೂಲೆಯಲ್ಲಿ ಗುಲಾಬಿ ಬಣ್ಣದ ಪದರ ಉಳಿದಿದೆ. ‘ಇಷ್ಟಿದೆಯಲ್ಲಮ್ಮಾ, ಇದರಿಂದ ಎಷ್ಟು ಹರಡುತ್ತೋ ನೋಡೋಣ’ ಅಂದರು. ಪಿಆರ್‌ಪಿ ಬೇಕೇ ಎಂದು ನಾವೇ ಕೇಳಿದೆವು. ‘ಬೇಕು ಅನ್ನಿಸಿದರೆ ಆಮೇಲೆ ಯೋಚಿಸೋಣ, ಗ್ಯಾರಂಟಿ ಅಂತ ನಾನು ಹೇಳಲ್ಲ’ ಎಂದರು. ಇಷ್ಟು ದಿನದಲ್ಲಿ ಯಾರಾದರೂ ‘ಗ್ಯಾರಂಟಿ ಇಲ್ಲ’ ಎಂದು ಹೇಳಿದ್ದು ಅದೇ ಮೊದಲು. ಯಾಕೋ ಅವತ್ತು ಇಬ್ಬರಿಗೂ ನೆಮ್ಮದಿಯಾಗಿ ಊಟ ಸೇರಿತು.

ನಮ್ಮ ಹಾಗೆ ಆಗಬಾರದು ಅನ್ನುವವರಿಗೆ ಇಷ್ಟು ಹೇಳಬೇಕು. ಗರ್ಭ ಇಳಿದು ವಿಪರೀತ ರಕ್ತ ಹೋಗುತ್ತಿದ್ದರೆ, ಜ್ವರ ಬಂದರೆ, ಒಳಗೆ ಖಾಲಿ ಮಾಡಲೇಬೇಕು. ಹೆದರಿ ಮನೆಯಲ್ಲಿ ಕೂರಬೇಡಿ. ಜೀವ ಮೊದಲು. ಡಿ ಅಂಡ್ ಸಿ ಆದ ಎಲ್ಲರಿಗೂ ಹೀಗಾಗುವುದಿಲ್ಲ, ಬಹಳ ಜನಕ್ಕೆ ಏನೂ ಆಗುವುದಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ಸಲ ಮಾಡಿದರೆ, ಹೆರಿಗೆಯಾದ ಕೆಲವು ವಾರಗಳಲ್ಲಿ ಮಾಡಿದರೆ ಅಪಾಯ ಹೆಚ್ಚು. ಚೂಪಾದ ಉಪಕರಣದಿಂದ ಕೆರೆಯುವುದನ್ನು ಬಿಟ್ಟು ಹೀರಿ ತೆಗೆಯುವ ವಿಧಾನ ಅಥವಾ ಮಾತ್ರೆ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಹೇಳುತ್ತಿದೆ. ಹೀರುವುದಕ್ಕೆ ದೊಡ್ಡ ಮಿಷನ್ ಬೇಕಿಲ್ಲ, ಕೈಯಲ್ಲಿ ಹಿಡಿಯುವ ದಪ್ಪ ಸಿರಿಂಜಿನಂಥದ್ದು ಸಾಕು. ಕರೆಂಟೂ ಬೇಡ. ಮುಂದೆ ಯಾರಿಗಾದರೂ ‘ಕ್ಲೀನ್ ಮಾಡಬೇಕು’ ಎಂದರೆ, ‘ಕೆರೀತೀರೋ, ಹೀರಿ ತೆಗೀತೀರೋ, ಮಾತ್ರೆಯಲ್ಲಿ ಆಗಲ್ವಾ?’ ಎಂದು ಕೇಳಿ. ಬೈದರೂ ಕೇಳಿ. ಆಮೇಲೆ ಚೀಟಿಯಲ್ಲಿ ಏನು ಮಾಡಿದರು ಎಂದು ಬರೆಸಿಕೊಳ್ಳಿ. ಎರಡು ತಿಂಗಳಾದರೂ ಮುಟ್ಟು ಬರದಿದ್ದರೆ, ಅಥವಾ ಹೊಟ್ಟೆ ಹಿಂಡಿ ರಕ್ತ ಬರದಿದ್ದರೆ ತಡ ಮಾಡಬೇಡಿ.

ಹೋದ ತಿಂಗಳು ಸುದ್ದಿಗೆಂದು ಹತ್ತಿರದ ಆಸ್ಪತ್ರೆಗೆ ಹೋಗಿದ್ದಾಗ ಅಲ್ಲಿಯ ಸಿಸ್ಟರ್ ಒಬ್ಬರನ್ನು ಕೇಳಿದೆವು. ಬೀರು ತೆಗೆದು ಆ ಸಿರಿಂಜು ತೋರಿಸಿದರು. ‘ಇದೆಯಲ್ಲಾ, ಯಾರು ಕೇಳ್ತಾರೆ ಹೇಳಿ’ ಅಂದರು. ಅದನ್ನೇ ಸುದ್ದಿ ಮಾಡಿ ಕಳಿಸಿದೆವು. ಜಾಗವಿಲ್ಲ ಎಂದು ಅದು ಬರಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇವೆ.

ನಮ್ಮದು ಈಗ ಎಲ್ಲಿಗೆ ಬಂದಿದೆ ಎಂದು ಕೇಳುವವರಿಗೆ: ಪದರ 6 ಮಿಲಿಮೀಟರ್ ತಲುಪಿದೆ. ಮುಟ್ಟು ಎರಡು ದಿನ ಬರುತ್ತದೆ. ಮಗು ಇಲ್ಲ. ಆಗುತ್ತದೆಯೋ ಇಲ್ಲವೋ ಮೇಡಂಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹಸು ಮಾರಲಿಲ್ಲ, ಅತ್ತೆಗೆ ಅದರ ಬಗ್ಗೆ ಸ್ವಲ್ಪ ಮುನಿಸಿದೆ. ಎರಡನೇ ಸಲದ ಹಿಸ್ಟರೋಸ್ಕೋಪಿಗೆ ದೀಪಾವಳಿ ಕಳೆದ ಮೇಲೆ ಬರಲು ಹೇಳಿದ್ದಾರೆ. ಅಷ್ಟರಲ್ಲಿ ಮದುವೆ ಸೀಸನ್ನಿನ ಬ್ಲೌಸುಗಳನ್ನು ಮುಗಿಸಿ ಕೊಡಬೇಕು, ಇಪ್ಪತ್ತಮೂರು ಬಾಕಿ ಇವೆ.